ಅರಮನೆ ಇಲ್ಲದ ರಾಜಧಾನಿಯಲ್ಲಿ ಒಂದು ದಿನ

ಶ್ರೀರಂಗಪಟ್ಟಣದಲ್ಲಿ ಬಸ್ಸಿನಿಂದ ಇಳಿದವರು ಗೈಡ್‌ಗೆ ಹಾಕುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅರಮನೆ ಎಲ್ಲಿ?’ ನ್ಯಾಯವಾದ ಪ್ರಶ್ನೆಯೇ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಈ ದ್ವೀಪವನ್ನು ವಶಪಡಿಸಿಕೊಂಡಂದಿನಿಂದ 1799ರ ಮೇ 4ರವರೆಗೆ ಮೈಸೂರು ರಾಜ್ಯವನ್ನು ಆಳಿದ್ದು ಇಲ್ಲಿಂದ. ಒಡೆಯರ ದಸರಾ ಶುರುವಾದದ್ದೂ ಇಲ್ಲೇ. ಹೈದರ್ ಅಲಿ, ಟಿಪ್ಪು ಸುಲ್ತಾನ್ ಕಾಲದಲ್ಲಂತೂ ಲಂಡನ್ನಿನ ಪತ್ರಿಕೆಗಳಿಗೂ ಈ ಊರಿನ ಹೆಸರು ಗೊತ್ತಿತ್ತು. ಅಂಥ ಊರಲ್ಲಿ ಅರಮನೆ ಇರಬೇಡವೇ?

ಗೈಡ್ ಜನರನ್ನು ರಂಗನಾಥಸ್ವಾಮಿ ದೇವಸ್ಥಾನದ ಆಚೆಗೆ ಕರೆದುಕೊಂಡು ಹೋಗಿ ಹುಲ್ಲು ಬೆಳೆದ ಬಯಲು ತೋರಿಸುತ್ತಾರೆ. ಮೊಣಕಾಲೆತ್ತರದ ಒಂದಷ್ಟು ಪಾಯದ ಗೋಡೆ, ಒಂದು ಫಲಕ. ‘ಇದೇ ಸಾರ್ ಲಾಲ್ ಮಹಲು. ಸುಲ್ತಾನರ ಅರಮನೆ.’ ಅರ್ಧದಷ್ಟು ಜನ ಅಲ್ಲಿಂದಲೇ ಹಿಂದಿರುಗಿ ಎಳನೀರಿನ ಗಾಡಿಯತ್ತ ನಡೆಯುತ್ತಾರೆ. ನಿಂತವರಿಗೆ ಮಾತ್ರ ಕಥೆ.

ಅರಮನೆ–ದೇವಸ್ಥಾನಗಳ ಪ್ರವಾಸಕ್ಕೆ ಗೈಡ್ ಯಾಕೆ ಬೇಕು ಎಂದು ಕೇಳುವವರನ್ನು ನಾನು ಈ ಬಯಲಿಗೇ ಕಳಿಸುತ್ತೇನೆ. ಇರುವುದನ್ನು ತೋರಿಸಲು ಫಲಕ ಸಾಕು, ಇಲ್ಲದ್ದನ್ನು ತೋರಿಸಲು ಬಾಯಿಬಲ್ಲ ಮನುಷ್ಯನೇ ಬೇಕು. ಟಿಪ್ಪು ಮಡಿದ ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಇಂಗ್ಲಿಷ್ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಈ ಅರಮನೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಸುತ್ತ ಕಲ್ಲು ಮಣ್ಣಿನ ಎತ್ತರದ ಗೋಡೆ, ಹೊರಗಿನಿಂದ ನೋಡಿದರೆ ಅಂಥ ಸೊಗಸೇನೂ ಇರಲಿಲ್ಲವಂತೆ. ಒಳಗಿನ ವಿವರ ಮಾತ್ರ ಮೈ ನಡುಗಿಸುತ್ತದೆ. ಓಣಿಯಲ್ಲಿ ಸರಪಳಿಗೆ ಕಟ್ಟಿದ ನಾಲ್ಕು ಹುಲಿಗಳು. ಮಲಗುವ ಕೋಣೆಯ ಕಿಟಕಿಗಳಿಗೆ ಕಬ್ಬಿಣದ ಜಾಲರಿ. ಕಿಟಕಿಯಿಂದ ಯಾರೂ ಗುಂಡು ಹಾರಿಸದಂತೆ, ಹೊರಗಿನವರ ಕಣ್ಣಿಗೆ ಬೀಳದ ಜಾಗದಲ್ಲಿ ಸೂರಿನಿಂದ ಸರಪಳಿಯಲ್ಲಿ ಇಳಿಬಿಟ್ಟ ತೂಗುಹಾಸಿಗೆ. ಅದರೊಳಗೆ ಒಂದು ಕತ್ತಿ, ಮದ್ದು ತುಂಬಿದ ಎರಡು ಪಿಸ್ತೂಲು. ರಾಜ್ಯ ಆಳುವವನು ನಿದ್ದೆ ಮಾಡುತ್ತಿದ್ದದ್ದು ಹೀಗೆ. ಈ ವಿವರ ಕೇಳಿದ ಮೇಲೆ ಆ ಬಯಲು ಬರೀ ಬಯಲಾಗಿ ಕಾಣುವುದಿಲ್ಲ.

ಅರಮನೆ ಎಲ್ಲಿಗೆ ಹೋಯಿತು? ಚೂರುಚೂರಾಗಿ ದಿಕ್ಕುಪಾಲಾಯಿತು. ಬಹುಭಾಗವನ್ನು ಇಂಗ್ಲಿಷರು ಕೆಡವಿದರು. ಉಳಿದ ತುಂಡು ಕೆಲಕಾಲ ಶ್ರೀಗಂಧದ ಕೊರಡು ಕೂಡಿಡುವ ಉಗ್ರಾಣವಾಗಿತ್ತು. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಚಿನ್ನದ ಹುಲಿಮುಖ, ರತ್ನಖಚಿತ ಹುಮಾ ಹಕ್ಕಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿದವು. ಸೋಲ್ಜರನ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಟಿಪ್ಪುವಿನ ಅರಮನೆಯ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋದವು. ಅಲ್ಲಿ 1829ರಲ್ಲಿ ಕಟ್ಟಲು ಶುರುಮಾಡಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರು ಹೊತ್ತು ಇವತ್ತಿಗೂ ನಿಂತಿವೆ. ಊಟಿಗೆ ಹೋಗುವ ನಮ್ಮವರು ಬೋಟಿಂಗ್ ಮುಗಿಸಿ ಚಾಕೊಲೇಟ್ ಕೊಂಡು ಬರುತ್ತಾರೆ, ತಲೆಯೆತ್ತಿ ಆ ತೊಲೆ ನೋಡಿದವರು ಕಡಿಮೆ.

ಬಯಲಿನ ಈಚೆಗೆ ರಂಗನಾಥಸ್ವಾಮಿ ದೇವಸ್ಥಾನ ಇದ್ದಂತೆಯೇ ಇದೆ. ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದ್ದೆಂದು ಪ್ರತೀತಿ. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್, ಎಲ್ಲರ ಕೈಯೂ ಸೇರಿ ಬೆಳೆದಿದೆ. ಆದಿಶೇಷನ ಮೇಲೆ ಪವಡಿಸಿದ ಆದಿರಂಗ, ಪಾದದ ಬಳಿ ಕಾವೇರಿ. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಇವೆರಡಕ್ಕೂ ಇವನೇ ಅಣ್ಣ. ಟಿಪ್ಪು ಈ ದೇವಸ್ಥಾನಕ್ಕೆ ಬೆಳ್ಳಿ ಪಾತ್ರೆಗಳನ್ನೂ ಮಂಗಳಾರತಿಯ ಬೆಳ್ಳಿ ಸಾಮಾನನ್ನೂ ಒಪ್ಪಿಸಿದ್ದ. ಅವನ ಅರಮನೆಗೂ ಈ ಗರ್ಭಗುಡಿಗೂ ಕೂಗಳತೆಯ ದೂರ. ಬೆಳಗಿನ ಗಂಟೆಯ ಸದ್ದು ಅವನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಟಿಪ್ಪು ಕುರಿತ ಜಗಳಗಳನ್ನು ಬಸ್ಸಿನಲ್ಲೇ ಬಿಟ್ಟು ಇಲ್ಲಿ ಇಳಿಯುವುದು ಒಳ್ಳೆಯದು. ಊರಿನ ಕಲ್ಲುಗಳು ಎರಡು ಪಕ್ಷದವರಿಗೂ ಸಾಕಷ್ಟು ಸಾಕ್ಷಿ ಹೇಳುತ್ತವೆ, ಯಾರ ಪರವಾಗಿಯೂ ಪೂರ್ತಿ ಹೇಳುವುದಿಲ್ಲ.

ಪ್ಯಾಕೇಜ್ ಬಸ್ಸಿನವರು ಬಿಟ್ಟುಹೋಗುವ ಒಂದು ಗುಡಿ ಹತ್ತಿರದಲ್ಲೇ ಇದೆ: ಲಕ್ಷ್ಮೀನರಸಿಂಹಸ್ವಾಮಿಯದು. ಕಟ್ಟಿಸಿದವನು ಕಂಠೀರವ ನರಸರಾಜ ಒಡೆಯ. ‘ಕಂಠೀರಾಯ ಹಣ’ ಎಂಬ ಚಿನ್ನದ ನಾಣ್ಯ ಅಚ್ಚುಹಾಕಿಸಿದ, ಜಟ್ಟಿಯೆಂದೇ ಹೆಸರಾದ ರಣಧೀರ. ಅವನ ನಿಂತ ಕಲ್ಲಿನ ವಿಗ್ರಹ ಒಳಗಿದೆ. ರಾಜರ ಬಣ್ಣದ ಚಿತ್ರ ಮೈಸೂರಿನಲ್ಲಿ ಬೇಕಾದಷ್ಟು ಸಿಗುತ್ತವೆ, ಹದಿನೇಳನೆಯ ಶತಮಾನದ ಒಡೆಯನೊಬ್ಬನನ್ನು ಕಲ್ಲಿನಲ್ಲಿ ಎದುರಿಗೆ ನೋಡುವ ಜಾಗ ಅಪರೂಪ. ಗೈಡ್ ತಾನಾಗಿ ಕರೆದೊಯ್ಯದಿದ್ದರೆ ಕೇಳಿ ಹೋಗಿ.

ಕೋಟೆಯೊಳಗೆ ಮಿಕ್ಕದ್ದೆಲ್ಲ ನಡಿಗೆಯ ದೂರ. ಎರಡು ಮಿನಾರಿನ ಜಾಮಿಯಾ ಮಸೀದಿ. ಇಟ್ಟಿಗೆ ಗಾರೆಯ ಕಮಾನು ಚಾವಣಿಯ ಸೆರೆಮನೆ. ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು 1782ರಲ್ಲಿ ಇಲ್ಲೇ ಸತ್ತ ಇಂಗ್ಲಿಷ್ ಪಡೆಯ ಕರ್ನಲ್ ಬೇಲಿಯ ಹೆಸರು ಅದಕ್ಕೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತು ಕೊರೆದಿದ್ದಾರೆ, ಕೈದಿಗಳ ಕೈಗೆ ಸರಪಳಿ ಬಿಗಿಯಲು. ನಡುವೆ ಬಿದ್ದಿರುವ ಫಿರಂಗಿ ಮುತ್ತಿಗೆಯಲ್ಲಿ ಚಾವಣಿ ಒಡೆದುಕೊಂಡು ಬಿದ್ದದ್ದು ಎನ್ನುತ್ತಾರೆ. ಟಿಪ್ಪು ಹೆಣವಾಗಿ ಸಿಕ್ಕ ಜಾಗದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ, ಅಷ್ಟೇ. 1799ರ ಮೇ 4ರ ಮಧ್ಯಾಹ್ನ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದವನು ಡೇವಿಡ್ ಬೇರ್ಡ್. ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೈದಿಯಾಗಿದ್ದವನು. ಗೆದ್ದ ಊರಿನ ಆಡಳಿತ ಮಾತ್ರ ಅವನಿಗೆ ಸಿಗಲಿಲ್ಲ, ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ಕೋಟೆಯನ್ನು ಸೀಳಿಕೊಂಡು ಬೆಂಗಳೂರು–ಮೈಸೂರು ರೈಲು ಹೋಗುತ್ತದೆ. ಹಳಿ ಜೋಡಿ ಮಾಡುವಾಗ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಅರಮನೆಯನ್ನೇ ಕೆಡವಿದ ಊರಿನಲ್ಲಿ ಈ ಸಲ ಹಾಗಾಗಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎಬ್ಬಿಸಿ ಪಕ್ಕದ ಜಾಗಕ್ಕೆ ಸರಿಸಿದರು.

ಕೋಟೆಯ ಹೊರಗಿರುವ ದರಿಯಾ ದೌಲತ್ ಬಾಗ್‌ಗೆ ಆಟೋದಲ್ಲಿ ಹೋಗಬಹುದು. ಇವತ್ತಿನ ದಿನ ಎಲ್ಲಿಯಾದರೂ ನಿಧಾನಿಸುವುದಿದ್ದರೆ ಇಲ್ಲಿ. 1784ರಲ್ಲಿ ಟಿಪ್ಪು ಮುಗಿಸಿದ ತೇಗದ ಮರದ ಬೇಸಿಗೆ ಅರಮನೆ. ದೂರದಿಂದ ಹಸಿರು ಪರದೆ ಇಳಿಬಿಟ್ಟ ಮಂಟಪದಂತೆ ಕಾಣುತ್ತದೆ. ಬಿಸಿಲು ಮಳೆ ಬೀಳದಂತೆ ಪುರಾತತ್ವ ಇಲಾಖೆಯವರ ಏರ್ಪಾಡು. ಒಳಗೆ ಕಾಲಿಟ್ಟರೆ ಬರಿ ಗೋಡೆ ಎನ್ನುವುದೇ ಇಲ್ಲ, ಅಂಗೈಯಗಲ ಜಾಗವನ್ನೂ ಬಿಡದೆ ಬಣ್ಣ.

ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ. ಇಂಗ್ಲಿಷರ ಚೌಕಾಕಾರದ ಪಡೆಯ ನಡುವೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬೇಲಿ. ಅವರ ಮದ್ದಿನ ಬಂಡಿ ಸಿಡಿದು ಹಾರುತ್ತಿದೆ. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಇಷ್ಟೆಲ್ಲ ಗದ್ದಲದ ನಡುವೆ ಹೈದರ್, ಟಿಪ್ಪು ಮಾತ್ರ ಮದುವೆ ಮೆರವಣಿಗೆಗೆ ಹೊರಟವರ ಹಾಗೆ ಸಾವಕಾಶ ಸಾಗುತ್ತಿದ್ದಾರೆ. ತಡವಾಗಿ ಬಂದ ಹೈದರಾಬಾದಿನ ನಿಜಾಮನ ದಂಡಿನ ಬಳಿ ಒಂದು ಹಸು, ಒಂದು ಹಂದಿ ಬರೆದಿದ್ದಾರೆ. ಗೈಡ್ ಬೆರಳಿಟ್ಟು ತೋರಿಸಿ ‘ಬರುವಾಗ ಹಸು ಸಾರ್, ಹೋಗುವಾಗ ಹಂದಿ’ ಎಂದರೆ ಗುಂಪೆಲ್ಲ ನಗುತ್ತದೆ. ಆತನಿಲ್ಲದೆ ಹೋಗಿದ್ದರೆ ಆ ಎರಡು ಪ್ರಾಣಿಗಳನ್ನು ಯಾರೂ ಗಮನಿಸುತ್ತಿರಲಿಲ್ಲ. ಪೂರ್ವದ ಗೋಡೆಯಲ್ಲಿ ದರ್ಬಾರುಗಳ ಸಾಲು. ನಮ್ಮ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ಒಡೆಯರು, ಪೇಶ್ವೆ, ಎಲ್ಲರೂ ತಮ್ಮ ತಮ್ಮ ಗೂಡಿನಲ್ಲಿ ಕೂತಿದ್ದಾರೆ.

ಪೊಳ್ಳಿಲೂರಿನ ಚಿತ್ರದ ಆಯುಷ್ಯವೇ ಒಂದು ಕಥೆ. ಕೊನೆಯ ಮುತ್ತಿಗೆಗೆ ಮುಂಚೆ ಅದು ಕೆಟ್ಟುಹೋಗಿತ್ತು. ಗೆದ್ದು ಬಂದು ಇದೇ ಮನೆಯಲ್ಲಿ ಬಿಡಾರ ಹೂಡಿದ ವೆಲ್ಲೆಸ್ಲಿ ಸರಿಪಡಿಸಿದ. ಆಮೇಲೆ ಯಾರೋ ಸುಣ್ಣ ಬಳಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ, ಮೂಲ ಚಿತ್ರದ ನೆನಪಿದ್ದ ದೇಶೀ ಚಿತ್ರಕಾರನೊಬ್ಬನನ್ನು ಹುಡುಕಿ ಮತ್ತೆ ಬರೆಸಿದ. ತಮ್ಮವರು ಸೋತ ಯುದ್ಧದ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಉಳಿಸಿದರು. ಈಗ ನಾವು ನೋಡುವುದು ಒಬ್ಬ ಅನಾಮಿಕನ ನೆನಪಿನ ಶಕ್ತಿಯನ್ನು ಎನ್ನಬೇಕು.

ದ್ವೀಪದ ಪೂರ್ವದ ತುದಿಯ ಗುಂಬಜ್‌ನಲ್ಲಿ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಒಂದೇ ಸೂರಿನಡಿ ಮಲಗಿದ್ದಾರೆ. ಸುತ್ತ ಮುಖ ಕಾಣುವಷ್ಟು ನಯವಾದ ಕರಿಕಲ್ಲಿನ ಕಂಬಗಳು, ಒಳಗೋಡೆಗೆ ಹುಲಿಪಟ್ಟೆ, ಡಾಲ್‌ಹೌಸಿ ಮಾಡಿಸಿಕೊಟ್ಟ ದಂತದ ಕೆತ್ತನೆಯ ಬಾಗಿಲು. ಹತ್ತು ನಿಮಿಷ ಸುಮ್ಮನೆ ಕೂತರೆ ಸಾಕು. ಬಿಡುವಿದ್ದವರು ಉತ್ತರದ ಹೊಳೆಗೆ ಹೋಗಿ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನೂ ನೋಡಬಹುದು. ಕಲ್ಲಿನ ಕಂಬಗಳನ್ನು ನೆಟ್ಟು ಅದರ ಮೇಲೆ ಚಪ್ಪಡಿ ಹೊದಿಸಿದ್ದು. ಎಷ್ಟೋ ಪ್ರವಾಹ ಕಂಡಿದೆ.

ಮೈಸೂರಿಗೆ ಇಲ್ಲಿಂದ ಅರ್ಧ ಗಂಟೆಯ ದಾರಿ. ಅಲ್ಲಿಯಾದರೂ ಅರಮನೆ ಇದೆಯಲ್ಲ ಎನ್ನುವವರಿಗೆ ಇನ್ನೊಂದು ಸುದ್ದಿ. 1799ರಲ್ಲಿ ಅಲ್ಲೂ ಅರಮನೆ ಇರಲಿಲ್ಲ. ಟಿಪ್ಪು ಹಳೆಯ ಮೈಸೂರು ಕೋಟೆಯನ್ನು ಕೀಳಿಸಿ ಕಲ್ಲುಗಳನ್ನು ನಜರ್‌ಬಾದಿಗೆ ಸಾಗಿಸಿದ್ದ. ಅವನು ಹೋದ ಮೇಲೆ ಅದೇ ಕಲ್ಲು ವಾಪಸು ಬಂದವು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಅಲ್ಲೇ ಕಾವಲಿನಲ್ಲಿ ಬೆಳೆದ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಪಟ್ಟ ಕಟ್ಟಿದ್ದು ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಹತ್ತಿರ ಹಾಕಿದ ಚಪ್ಪರದ ಕೆಳಗೆ. ಆ ದೇವಸ್ಥಾನ ಇವತ್ತೂ ಅರಮನೆಯ ಆವರಣದಲ್ಲಿದೆ, ಅರಮನೆಗಿಂತ ನಾಲ್ಕು ಶತಮಾನ ಹಳೆಯದು. ಟಿಕೆಟ್ ಇಲ್ಲ, ಸಾಲಿಲ್ಲ.

ಮುಮ್ಮಡಿಯವರಿಗಾಗಿ ತರಾತುರಿಯಲ್ಲಿ ಕಟ್ಟಿದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಹೊಸ ನಕಾಶೆ ಹಾಕಿದ, ಕೆಲಸ 1912ಕ್ಕೆ ಮುಗಿಯಿತು. ಒಂದು ಸಲ ಬೆಂಕಿಗೆ ಸಿಕ್ಕ ಮೇಲೆ ಬುದ್ಧಿ ಬಂದಿತ್ತು. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣಮಂಟಪದ ಎರಕದ ಕಂಬಗಳೂ ನವಿಲಿನ ಬಣ್ಣದ ಗಾಜೂ ಗ್ಲಾಸ್ಗೋದಿಂದ ಬಂದವು. ಅಂಬಾವಿಲಾಸ, ಬೊಂಬೆ ತೊಟ್ಟಿ, ದಸರಾ ಮೆರವಣಿಗೆಯ ತೈಲಚಿತ್ರಗಳು ಎಲ್ಲರಿಗೂ ಗೊತ್ತಿರುವವೇ. ಜನ ತಳ್ಳಿದತ್ತ ಹೋದರೆ ಎಲ್ಲವನ್ನೂ ನೋಡಿಯೇ ಹೊರಬರುತ್ತೀರಿ. ನಾನು ಹೇಳುವುದು ಅರಮನೆಯಿಂದ ಹೊರಬಂದ ಮೇಲಿನ ಮಾತು. ಚಪ್ಪಲಿ ಹಾಕಿಕೊಂಡವರು ನೇರ ಪಾರ್ಕಿಂಗಿಗೆ ಓಡದೆ ಶ್ವೇತವರಾಹಸ್ವಾಮಿ ದೇವಸ್ಥಾನಕ್ಕೆ ಹೋಗಿ. ಚಿಕ್ಕದೇವರಾಜ ಒಡೆಯರು ತಮಿಳುನಾಡಿನ ಶ್ರೀಮುಷ್ಣದಿಂದ ತಂದ ವರಾಹಮೂರ್ತಿ ಮೊದಲು ಶ್ರೀರಂಗಪಟ್ಟಣದಲ್ಲಿತ್ತು. ಪೂರ್ಣಯ್ಯ 1809ರಲ್ಲಿ ಇಲ್ಲಿ ಪ್ರತಿಷ್ಠಾಪಿಸಿದರು. ರಾಜಧಾನಿಯ ಜೊತೆಗೆ ದೇವರೂ ಮನೆ ಬದಲಾಯಿಸಿದರು. ಒಳಗೋಡೆಯ ಚಿತ್ರಗಳ ಮುಂದೆ ನಿಮ್ಮನ್ನು ತಳ್ಳುವವರು ಯಾರೂ ಇರುವುದಿಲ್ಲ.

ಗೈಡ್‌ಗಳ ಬಗ್ಗೆ ಒಂದು ಮಾತು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಹಿಡಿಯಿರಿ, ದರವನ್ನು ಮೊದಲೇ ಮಾತಾಡಿಕೊಳ್ಳಿ. ಹಸು–ಹಂದಿಯ ಕಥೆಗೆ ಕಿವಿಗೊಡಿ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುರಂಗ ಇತ್ತು ಎಂದರೆ ನಕ್ಕು ಮುಂದೆ ಹೋಗಿ. ನಡುವೆ ಹೊಳೆ ಇದೆ ಎಂಬುದನ್ನು ಮರೆಯಬೇಡಿ. ಅರಮನೆಯಲ್ಲಿ ಯಾವ ಕಡೆ ನಿಂತರೂ ಪಟದ ರಾಜರ ಬೂಟು ನಿಮ್ಮ ಕಡೆಗೇ ತಿರುಗುತ್ತದೆ ಎಂದು ತೋರಿಸಿಯೇ ತೀರುತ್ತಾರೆ, ಮಕ್ಕಳಿಗೆ ಇಷ್ಟ. ಒಳ್ಳೆಯ ಗೈಡನ್ನು ಗುರುತಿಸುವುದು ಸುಲಭ. ಖಾಲಿ ಬಯಲಿನ ಮುಂದೆ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವವನು ಒಳ್ಳೆಯವನು.

ಲಾಲ್ ಮಹಲಿನ ಬಯಲಿನಲ್ಲಿ ಅರಮನೆ ಹೇಗಿತ್ತೆಂದು ತೋರಿಸುವ ನಕಾಶೆಯನ್ನು ಕನ್ನಡ ವಿವರಣೆಯೊಂದಿಗೆ ದೊಡ್ಡದಾಗಿ ನಿಲ್ಲಿಸಬೇಕು. ಬುಕನನ್ನನ ವಿವರ ಕೈಗೆ ಸಿಗುವಂತಿರುವಾಗ ಇದೇನೂ ಕಷ್ಟದ ಕೆಲಸವಲ್ಲ.

ಬೆಂಗಳೂರಿನಿಂದ ಹೊರಡುವವರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ ಎಂಬುದನ್ನು ನೆನಪಿಡಿ. ಶ್ರೀರಂಗಪಟ್ಟಣದ ತಿರುವು ತಪ್ಪಿದರೆ ಸೀದಾ ಮೈಸೂರಿಗೆ ಹೋಗಿ ಇಳಿಯುತ್ತೀರಿ. ರೈಲಿನಲ್ಲಿ ಬಂದರೆ ಆ ತಾಪತ್ರಯವಿಲ್ಲ, ನಿಲ್ದಾಣ ಕೋಟೆಯೊಳಗೇ ಇದೆ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ರಂಗನಾಥನನ್ನು ನೋಡಿಬಿಡಿ. ಅದೇ ದಿನ ಚಾಮುಂಡಿ ಬೆಟ್ಟ, ಬೃಂದಾವನ, ಸೋಮನಾಥಪುರ ಎಲ್ಲವನ್ನೂ ತೋರಿಸುತ್ತೇವೆ ಎನ್ನುವ ಪ್ಯಾಕೇಜಿಗೆ ದುಡ್ಡು ಕೊಡಬೇಡಿ. ಸೋಮನಾಥಪುರದ ಕೇಶವ ದೇವಾಲಯಕ್ಕೆ ಇನ್ನೊಂದು ಪೂರ್ತಿ ದಿನ ಬೇಕು.