ಓದುಗರ ಮನಸ್ಸು ಮುಟ್ಟುವ ಪ್ರೇಮ ಕಾದಂಬರಿ

ಪ್ರೇಮ ಕಾದಂಬರಿ ಕನ್ನಡಿಗರ ಮನೆಗಳಿಗೆ ಬಂದದ್ದು ಬಹುಪಾಲು ವಾರಪತ್ರಿಕೆಗಳ ಧಾರಾವಾಹಿಗಳಿಂದ ಮತ್ತು ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಅವರ ಪುಸ್ತಕಗಳು ಕೈಯಿಂದ ಕೈಗೆ ದಾಟಿ, ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡವು. ಅವುಗಳಲ್ಲಿ ಹಲವು ತೆರೆಗೂ ಬಂದವು. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ಎಂ.ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’ 1969ರಲ್ಲಿ, ವಾಣಿಯವರ ‘ಎರಡು ಕನಸು’ 1974ರಲ್ಲಿ ಚಲನಚಿತ್ರಗಳಾದವು. ಈ ಕಥೆಗಳು ಇಷ್ಟು ಕಾಲ ಉಳಿದದ್ದು ಪ್ರೀತಿಯ ಮಾತುಗಳ ಸೊಗಸಿನಿಂದಲ್ಲ. ಪ್ರೀತಿಗಾಗಿ ಪಾತ್ರಗಳು ಏನನ್ನು ಕಳೆದುಕೊಳ್ಳಬೇಕಾಯಿತು ಎಂಬುದು ಓದುಗರಿಗೆ ತಟ್ಟಿತು. ಪ್ರೇಮಕಥೆ ಬರೆಯುವವರು ಮೊದಲು ಅರಿಯಬೇಕಾದ ಸಂಗತಿ ಇದು.

ಪ್ರೇಮಕಥೆಗೆ ಮೊದಲು ಬೇಕಾದದ್ದು ಇಬ್ಬರು ಪೂರ್ಣ ವ್ಯಕ್ತಿಗಳು. ನಾಯಕಿ ಚೆಲುವೆ, ನಾಯಕ ಸ್ಫುರದ್ರೂಪಿ ಎಂದಷ್ಟೇ ಹೇಳಿದರೆ ಓದುಗರ ಕಣ್ಣಿಗೆ ಯಾರೂ ಕಾಣುವುದಿಲ್ಲ. ಆಕೆ ಏನು ಕೆಲಸ ಮಾಡುತ್ತಾಳೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಆಕೆಗೆ ಯಾವುದರ ಭಯ, ಯಾವ ಅವಮಾನವನ್ನು ಮರೆಯಲಾರಳು ಎಂಬುದು ಲೇಖಕರಿಗೆ ತಿಳಿದಿರಬೇಕು. ತಿಳಿದದ್ದನ್ನೆಲ್ಲ ಬರೆಯಬೇಕಾಗಿಲ್ಲ, ಆದರೆ ಪಾತ್ರ ಆಡುವ ಪ್ರತಿ ಮಾತಿನ ಹಿಂದೆ ಆ ತಿಳಿವಳಿಕೆ ಇರಬೇಕು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಗಳ ಬಲ ಇರುವುದು ಇಲ್ಲೇ. ಹೊರಗೆ ನಡೆಯುವ ಘಟನೆಗಿಂತ ಅದು ಮನಸ್ಸಿನೊಳಗೆ ಎಬ್ಬಿಸುವ ತಳಮಳವೇ ಅವರ ಕಥೆಗಳನ್ನು ನಡೆಸುತ್ತದೆ. 1963ರಲ್ಲಿ ಕಿರಿಯ ವಯಸ್ಸಿನಲ್ಲೇ ಅವರು ತೀರಿಕೊಂಡರೂ ಅವರ ನಾಯಕಿಯರು ಇಂದಿಗೂ ಓದುಗರಿಗೆ ಪರಿಚಿತರು.

ಎರಡನೆಯದು ಅಡ್ಡಿ. ಇಬ್ಬರು ಪ್ರೀತಿಸಿ, ಎಲ್ಲರೂ ಒಪ್ಪಿ, ಮದುವೆಯಾದರೆ ಅದು ಸಂತೋಷದ ಸುದ್ದಿ, ಕಥೆಯಲ್ಲ. ಆದರೆ ಹೊರಗಿನಿಂದ ತಂದು ಹಾಕಿದ ಅಡ್ಡಿ ಹೆಚ್ಚು ದೂರ ಕಥೆಯನ್ನು ಒಯ್ಯಲಾರದು. ಕಳೆದುಹೋದ ಪತ್ರ, ಅರ್ಧ ಕೇಳಿಸಿಕೊಂಡ ಮಾತು, ಹೊಂಚು ಹಾಕುವ ಖಳನಾಯಕ ಇವೆಲ್ಲ ಒಂದೆರಡು ಅಧ್ಯಾಯಕ್ಕೆ ಸಾಕು. ಒಂದು ಮಾತು ಬಿಡಿಸಿ ಹೇಳಿದ್ದರೆ ಬಗೆಹರಿಯುತ್ತಿದ್ದ ತೊಡಕಿಗಾಗಿ ಮುನ್ನೂರು ಪುಟ ಓದಿದ ಮೇಲೆ ಓದುಗರಿಗೆ ಬೇಸರವೇ ಆಗುತ್ತದೆ.

ನಿಜವಾದ ಅಡ್ಡಿ ಹುಟ್ಟುವುದು ಪಾತ್ರದ ಸ್ವಭಾವದಿಂದ ಅಥವಾ ಅದು ಬದುಕುವ ಸಮಾಜದಿಂದ. ‘ಗೆಜ್ಜೆ ಪೂಜೆ’ಯ ಚಂದ್ರಾ ಬಯಸುವುದು ಮರ್ಯಾದೆಯ ಸಂಸಾರವನ್ನು. ಅವಳಿಗೆ ಅಡ್ಡ ನಿಲ್ಲುವುದು ಅವಳು ಹುಟ್ಟಿದ ಮನೆ ಮತ್ತು ಆ ಮನೆಯ ಬಗ್ಗೆ ಊರಿಗಿರುವ ತೀರ್ಪು. ‘ಎರಡು ಕನಸು’ ಕಾದಂಬರಿಯಲ್ಲಿ ಮದುವೆಯಾದ ಮೇಲೂ ಮೊದಲ ಪ್ರೀತಿಯನ್ನು ಮರೆಯಲಾರದ ಗಂಡನಿದ್ದಾನೆ, ಅವನ ಮನಸ್ಸು ತಿರುಗುವುದನ್ನು ಕಾಯುವ ಹೆಂಡತಿಯಿದ್ದಾಳೆ. ಅಲ್ಲಿ ಕೆಟ್ಟವರು ಯಾರೂ ಇಲ್ಲ. ಆದ್ದರಿಂದಲೇ ಓದುಗರಿಗೆ ಇಬ್ಬರ ನೋವೂ ತಮ್ಮದೆನಿಸುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರೇಮ ಕಾದಂಬರಿ ಎಂಬ ಚೌಕಟ್ಟನ್ನು ಬಹಳವೇ ಮೀರಿದ ಕೃತಿ. ಆದರೂ ಮುಕುಂದಯ್ಯ ಮತ್ತು ಚಿನ್ನಮ್ಮ, ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು ಎಂಬ ಜೋಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಪಾಠ ಸಿಗುತ್ತದೆ. ಪ್ರೀತಿ ಎಲ್ಲರದೂ ಆಗಿದ್ದರೂ ಜಾತಿ, ಒಡೆತನ, ಬಡತನಗಳಿಗೆ ತಕ್ಕಂತೆ ಪ್ರತಿ ಜೋಡಿಯೂ ಎದುರಿಸುವ ಅಪಾಯ ಬೇರೆ ಬೇರೆ.

ಭಾವನೆಯನ್ನು ಓದುಗರಿಗೆ ದಾಟಿಸುವ ಬಗೆ ಮೂರನೆಯದು. ‘ಅವನು ಹೊರಟು ಹೋಗುತ್ತಾನೆಂದು ತಿಳಿದು ಆಕೆಗೆ ತುಂಬಾ ದುಃಖವಾಯಿತು’ ಎಂಬ ವಾಕ್ಯ ಓದುಗರಿಗೆ ವರದಿ ಒಪ್ಪಿಸುತ್ತದೆ, ಅಷ್ಟೇ. ಅದೇ ಸಂದರ್ಭವನ್ನು ಹೀಗೆ ನೋಡಬಹುದು. ತಮ್ಮನಿಗೆ ಲೆಕ್ಕ ಹೇಳಿಕೊಡಲು ಸಂಜೆ ಸಂಜೆ ಬರುವ ಮೇಷ್ಟ್ರಿಗೆ ಆಕೆ ಕಾಫಿ ತಂದಿಡುತ್ತಾಳೆ. ಸಕ್ಕರೆ ಕಡಿಮೆ ಇರಬೇಕೆಂದು ಅವರು ಎಂದೂ ಹೇಳಿದ್ದಿಲ್ಲ, ಆಕೆಯೇ ಗಮನಿಸಿ ತಿಳಿದುಕೊಂಡಿದ್ದಾಳೆ. ಅವರಿಗೆ ವರ್ಗವಾದ ಸುದ್ದಿ ಬಂದ ದಿನವೂ ಕಾಫಿ ಬರುತ್ತದೆ. ಮೇಷ್ಟ್ರು ಒಂದು ಗುಟುಕು ಕುಡಿದು ಕ್ಷಣ ಸುಮ್ಮನಾಗಿ, ಉಳಿದದ್ದನ್ನೂ ಕುಡಿದು ಲೋಟ ಕೆಳಗಿಡುತ್ತಾರೆ. ಅವರು ಹೋದ ಮೇಲೆ ಆಕೆ ಪಾತ್ರೆಯಲ್ಲಿ ಉಳಿದ ಕಾಫಿ ಬಾಯಿಗಿಟ್ಟುಕೊಂಡರೆ ಪಾಯಸದಷ್ಟು ಸಿಹಿ. ತಾನು ಎರಡು ಸಲ ಸಕ್ಕರೆ ಹಾಕಿದ್ದೇನೆಂದು ಆಗ ಗೊತ್ತಾಗುತ್ತದೆ. ಅವರು ಒಂದು ಮಾತೂ ಆಡದೆ ಕುಡಿದರು ಎಂಬುದೂ ಗೊತ್ತಾಗುತ್ತದೆ.

ಇಲ್ಲಿ ಪ್ರೀತಿ, ದುಃಖ ಎಂಬ ಪದಗಳೇ ಬಂದಿಲ್ಲ. ಆಕೆಯ ಕೈ ತಪ್ಪಿದ್ದು ಏಕೆ, ಆತ ಸುಮ್ಮನೆ ಕುಡಿದದ್ದು ಏಕೆ ಎಂದು ಓದುಗರೇ ಊಹಿಸುತ್ತಾರೆ. ಹಾಗೆ ಊಹಿಸುವಾಗ ಅವರು ತಮ್ಮ ಅನುಭವದಿಂದ ಒಂದಷ್ಟನ್ನು ಕಥೆಗೆ ಕೊಡುತ್ತಾರೆ. ತಾವು ಕೊಟ್ಟದ್ದು ಸೇರಿದ ಕಥೆ ಅವರಿಗೆ ಹತ್ತಿರದ್ದಾಗುತ್ತದೆ. ಅತ್ತಳು, ನಡುಗಿದಳು, ಎದೆ ಒಡೆಯಿತು ಎಂದು ಲೇಖಕರೇ ಎಲ್ಲವನ್ನೂ ಹೇಳಿಬಿಟ್ಟರೆ ಓದುಗರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಸಂಭಾಷಣೆಯಲ್ಲಿ ಕನ್ನಡಕ್ಕೆ ತನ್ನದೇ ಅನುಕೂಲಗಳಿವೆ. ‘ನೀವು’ ಎನ್ನುತ್ತಿದ್ದವರು ಮೊದಲ ಸಲ ‘ನೀನು’ ಎಂದ ಗಳಿಗೆ ಒಂದು ಅಧ್ಯಾಯದಷ್ಟು ಕೆಲಸ ಮಾಡಬಲ್ಲದು. ಜಗಳದ ನಂತರ ಮತ್ತೆ ‘ನೀವು’ ಬಂದರೆ ದೂರ ಎಷ್ಟು ಬೆಳೆದಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಪಾತ್ರಗಳ ಊರೂ ಮಾತಿನಲ್ಲಿ ಕಾಣಬೇಕು. ಧಾರವಾಡದ ಹುಡುಗ, ಕುಂದಾಪುರದ ಹುಡುಗಿ, ಮಂಡ್ಯದ ಅತ್ತೆ ಮೂವರೂ ಪಠ್ಯಪುಸ್ತಕದ ಕನ್ನಡ ಆಡಿದರೆ ಮೂವರ ಮೇಲೂ ನಂಬಿಕೆ ಹುಟ್ಟುವುದಿಲ್ಲ. ಆಡುಮಾತು ಚೆನ್ನಾಗಿ ಬಾರದ ಸೀಮೆಯ ಪಾತ್ರವನ್ನು ಬರೆದ ಮೇಲೆ ಆ ಸೀಮೆಯವರಿಂದ ಓದಿಸಿ ತಿದ್ದಿಸಿಕೊಳ್ಳುವುದು ಒಳ್ಳೆಯದು.

ಕಥೆಯ ನಡಿಗೆಯನ್ನು ಧಾರಾವಾಹಿ ಬರೆದ ಹಿರಿಯರಿಂದ ಕಲಿಯಬಹುದು. ವಾರಕ್ಕೊಂದು ಕಂತು ಬರೆಯುವಾಗ ಪ್ರತಿ ಕಂತಿನಲ್ಲೂ ಸಂಬಂಧ ಒಂದು ಹೆಜ್ಜೆ ಮುಂದೆಯೋ ಹಿಂದೆಯೋ ಹೋಗಲೇಬೇಕಿತ್ತು, ಕೊನೆಯಲ್ಲಿ ಮುಂದಿನ ವಾರದವರೆಗೆ ಕಾಡುವ ಪ್ರಶ್ನೆ ಉಳಿಯಬೇಕಿತ್ತು. ಇಂದು ಮೊಬೈಲಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಓದುವವರಿಗೂ ಇದು ಅಷ್ಟೇ ಸಲ್ಲುತ್ತದೆ. ಭೇಟಿಯಾದ ಮರುದಿನವೇ ಗಾಢ ಪ್ರೀತಿ ಹುಟ್ಟಿತೆಂದರೆ ಓದುಗರು ಒಪ್ಪುವುದು ಕಷ್ಟ. ಕುತೂಹಲ, ಅನುಮಾನ, ಸಲಿಗೆ, ನಂಬಿಕೆ ಹೀಗೆ ಒಂದೊಂದೇ ಮೆಟ್ಟಿಲಿಗೆ ಒಂದೊಂದು ಘಟನೆ ಬೇಕು.

ಕೊನೆಗೆ ಮುಕ್ತಾಯ. ಮದುವೆಯೇ ಆಗಬೇಕೆಂಬ ಕಟ್ಟುಪಾಡಿಲ್ಲ, ಆದರೆ ಪಾತ್ರದ ಸ್ವಭಾವಕ್ಕೆ ಮುಕ್ತಾಯ ನಿಷ್ಠವಾಗಿರಬೇಕು. ‘ಬೆಳ್ಳಿಮೋಡ’ದ ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಅವಳ ತಂದೆಯ ನೆರವಿನಿಂದ ವಿದೇಶದಲ್ಲಿ ಓದಿ ಬಂದ ಮೋಹನ್, ಆ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿ ತನ್ನ ಕೈಗೆ ಸಿಗದೆಂದು ಅರಿತಾಗ ಮದುವೆಗೆ ಹಿಂಜರಿಯುತ್ತಾನೆ. ಮುಂದೆ ಗಾಯಗೊಂಡು ಅವಳ ಆರೈಕೆಯಲ್ಲಿ ಚೇತರಿಸಿಕೊಂಡು, ಪಶ್ಚಾತ್ತಾಪದಿಂದ ಅವಳ ಕೈ ಬೇಡುತ್ತಾನೆ. ಇಂದಿರಾ ಒಪ್ಪುವುದಿಲ್ಲ. ಸೇವೆ ಮಾಡಿದ ಅದೇ ಮನಸ್ಸು ಮದುವೆಯನ್ನು ನಿರಾಕರಿಸುತ್ತದೆ. ಕರುಣೆಯೂ ಆತ್ಮಗೌರವವೂ ಒಬ್ಬಳಲ್ಲೇ ಇರುವುದನ್ನು ಕಥೆ ಮೊದಲಿನಿಂದ ತೋರಿಸುತ್ತ ಬಂದಿರುವುದರಿಂದ ಓದುಗರು ಆ ನಿರಾಕರಣೆಯನ್ನು ಗೆಲುವೆಂದೇ ಸ್ವೀಕರಿಸಿದರು.

ಹೊಸದಾಗಿ ಪ್ರೇಮ ಕಾದಂಬರಿ ಬರೆಯುವವರು ಮೊದಲ ಅಧ್ಯಾಯಕ್ಕೆ ಕೈ ಹಾಕುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ: ಈ ಪ್ರೀತಿಗಾಗಿ ಇವಳು ಏನನ್ನು ಕಳೆದುಕೊಳ್ಳಬೇಕು? ಇವನು ಏನನ್ನು? ಎರಡಕ್ಕೂ ಸ್ಪಷ್ಟ ಉತ್ತರ ಸಿಗುವವರೆಗೆ ಕಾಯುವುದರಿಂದ ನಷ್ಟವಿಲ್ಲ. ಹಸ್ತಪ್ರತಿ ಮುಗಿದ ಮೇಲೆ ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿ ನೋಡಲಿ, ಭಾವನೆಯ ಹೆಸರು ಹೇಳುವ ಪದಗಳನ್ನು ಧೈರ್ಯವಾಗಿ ಹೊಡೆದುಹಾಕಲಿ. ಪ್ರೇಮಕಥೆಯನ್ನು ಹಗುರ ಸಾಹಿತ್ಯವೆಂದು ಬದಿಗೆ ತಳ್ಳುವವರಿದ್ದಾರೆ. ಆದರೆ ಕನ್ನಡದ ಅಸಂಖ್ಯ ಹೆಣ್ಣುಮಕ್ಕಳಿಗೆ ಓದಿನ ರುಚಿ ಹತ್ತಿಸಿದ್ದು ಇದೇ ಪ್ರಕಾರ. ಅದನ್ನು ಬರೆಯುವವರು ಆ ಓದುಗರ ಮೇಲೆ ಗೌರವವಿಟ್ಟು, ಶ್ರದ್ಧೆಯಿಂದ ಬರೆಯಬೇಕು.