ಭಾವಚಿತ್ರದಲ್ಲಿ ಪದವಿಯೂ ಗುಣವೂ

ಗೋವಿನಕೋವಿಯಲ್ಲಿ ಒಮ್ಮೆ ಬಸವ ಜಯಂತಿಯ ದಿನ ಪೂಜೆಗಿಟ್ಟ ಪಟವನ್ನು ದಿಟ್ಟಿಸಿ ನೋಡುತ್ತಿದ್ದ ಬಾಲಕಿಯೊಬ್ಬಳು, "ಮೇಷ್ಟ್ರೇ, ಬಸವಣ್ಣನವರು ಲಿಂಗಪೂಜೆಗೆ ಕೂತಾಗಲೂ ಕಿರೀಟ ಇಟ್ಕೊಂಡಿರ್ತಿದ್ರಾ?" ಎಂದು ಕೇಳಿದಳು. ಆಗ ಏನೋ ಹೇಳಿ ನುಣುಚಿಕೊಂಡೆನು. ನಿವೃತ್ತನಾದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವ್ಯಕ್ತಿಯ ಚಿತ್ರಕ್ಕೆ ನಮ್ಮ ನುಡಿಯಲ್ಲಿ ಭಾವಚಿತ್ರವೆಂಬ ಹೆಸರು ಬಂದಿದೆ. ಹೆಸರು ಭಾವವನ್ನು ಮುಂದಿಟ್ಟರೂ ಕುಂಚವು ಮೊದಲು ಮುಟ್ಟುವುದು ಪದವಿಯನ್ನೇ. ಪದವಿಗೆ ಸಿದ್ಧ ಕುರುಹುಗಳುಂಟು: ಪೇಟ, ಸರ, ಆಸನ, ಹಿಂದೆ ನಿಂತ ಪರಿವಾರ. ಗುಣಕ್ಕೆ ಅಂಥವು ಇಲ್ಲ. ಅದು ನಿಲುವಿನಲ್ಲಿ, ದೃಷ್ಟಿಯಲ್ಲಿ, ಕೈಗಳಲ್ಲಿ ತೋರಬೇಕು.

ಇದನ್ನರಿಯಲು ನಮ್ಮ ಗಡಿಯಾಚೆಗೆ ಸಮೀಪದಲ್ಲೇ ಇರುವ ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋಗಬೇಕು. ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529-1542) ಇದನ್ನು ವಿಸ್ತರಿಸಿ ಕಟ್ಟಿಸಿದವರು ವಿರೂಪಣ್ಣ, ವೀರಣ್ಣ ಎಂಬ ಸಹೋದರರು. ಮೇಲ್ಛಾವಣಿಯ ಗಾರೆಯ ಮೇಲೆ ಕೆಂಪು, ಹಳದಿ, ಕಪ್ಪು ಬಣ್ಣಗಳಲ್ಲಿ ಬರೆದ ಚಿತ್ರಗಳ ನಡುವೆ ಈ ಸೋದರರ ಚಿತ್ರಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ತಲೆಯ ಮೇಲೆ ಕುಳ್ಳಾಯಿ ಎಂಬ ಎತ್ತರದ ಟೊಪ್ಪಿಗೆ, ಮೈಮೇಲೆ ಆಭರಣ, ಹಿಂದೆ ಪರಿವಾರ. ಇವರು ಅಧಿಕಾರಸ್ಥರೆಂಬುದಕ್ಕೆ ಇಷ್ಟು ಸಾಕು. ಮುಖಗಳನ್ನು ಒಂದು ಪಕ್ಕದಿಂದ ಬರೆದಿರುವುದರಿಂದ ಒಬ್ಬನಿಗೂ ಇನ್ನೊಬ್ಬನಿಗೂ ಹೆಚ್ಚಿನ ಭೇದ ಕಾಣದು. ಆದರೆ ಅವರು ಅರ್ಚಕನಿಂದ ವಿಭೂತಿಯನ್ನು ಸ್ವೀಕರಿಸುತ್ತಿದ್ದಾರೆ. ಟೊಪ್ಪಿಗೆ ಅವರ ಅಧಿಕಾರವನ್ನು ಸಾರಿದರೆ, ಸ್ವೀಕರಿಸುವ ಆ ಕೈ ಅವರ ಭಕ್ತಿಯನ್ನು ಹೇಳುತ್ತದೆ. ತಿರುಮಲೆಯಲ್ಲಿ ರಾಣಿಯರೊಡನೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹಪ್ರತಿಮೆಯಲ್ಲಿಯೂ ಇದೇ ಕ್ರಮ; ಅರಸನು ದೇವರೆದುರಿಗೂ ಕುಳ್ಳಾಯಿಯನ್ನು ತೆಗೆದಿಲ್ಲ.

ಉಳ್ಳವರು ಕಟ್ಟಿಸುವ ಶಿವಾಲಯಕ್ಕಿಂತ ಜಂಗಮವನ್ನು ಹಿರಿದೆಂದ ವಚನವನ್ನು ಬಲ್ಲವರು ಇಲ್ಲಿ ತುಸು ತಡೆದು ನಿಲ್ಲುವುದು ಸಹಜ. ನಾನೂ ನಿಂತೆನು. ಆದರೆ ವಿರೂಪಣ್ಣನ ಕಥೆ ನಮ್ಮ ಕಥೆಗೆ ಎಷ್ಟು ಹತ್ತಿರ! ಅವನೂ ಬೊಕ್ಕಸದ ಅಧಿಕಾರಿ. ರಾಜನ ಹಣವನ್ನು ಗುಡಿಗೆ ವ್ಯಯಿಸಿದನೆಂಬ ಆರೋಪ ಬಂದಾಗ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದನೆಂದು ಐತಿಹ್ಯ. ಗೋಡೆಯ ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಬಿಜ್ಜಳನ ಭಂಡಾರಿ ಬಸವಣ್ಣನವರ ಮೇಲೂ ಭಂಡಾರವನ್ನು ಜಂಗಮರಿಗೆ ಸುರಿದರೆಂಬ ದೂರು ಬಂದುದನ್ನು, ಎಣಿಸಿದಾಗ ಹಣವು ಪೂರ್ಣವಿದ್ದುದನ್ನು ಪುರಾಣಗಳು ಹೇಳುತ್ತವೆ. ವಿರೂಪಣ್ಣನ ರೂಪವು ಅವನು ಕಟ್ಟಿಸಿದ ಗುಡಿಯಲ್ಲೇ ಉಳಿಯಿತು. ಬಸವಣ್ಣನವರ ಕಾಲದ ಚಿತ್ರವೊಂದೂ ನಮಗೆ ದೊರೆತಿಲ್ಲ.

ಆದ್ದರಿಂದ ನಂತರದ ಚಿತ್ರಕಾರರು ಪದವಿಯ ಕುರುಹುಗಳನ್ನೇ ಆಶ್ರಯಿಸಬೇಕಾಯಿತು. ಕಿರೀಟ, ಮುತ್ತಿನ ಹಾರ. ಜೊತೆಗೆ ತ್ರಿಪುಂಡ್ರ, ರುದ್ರಾಕ್ಷಿ. ಉಡುತಡಿಯ ಅಕ್ಕಮಹಾದೇವಿಯನ್ನು ಬರೆಯುವವನಿಗೆ ಈ ಸೌಕರ್ಯವಿಲ್ಲ. ಕೌಶಿಕನ ಅರಮನೆಯ ಉಡುಗೆ ತೊಡುಗೆಗಳನ್ನು ತೊರೆದವಳ ಚಿತ್ರದಲ್ಲಿ ಅವನಿಗೆ ಉಳಿಯುವುದು ಕೇಶರಾಶಿ, ಇಷ್ಟಲಿಂಗ ಮತ್ತು ಮುಖ. ಅದಕ್ಕೇ ಏನೋ, ಅಕ್ಕನ ಚಿತ್ರಗಳಲ್ಲಿ ಕುಂಚವು ಕಣ್ಣಿನ ಬಳಿ ಹೆಚ್ಚು ಹೊತ್ತು ನಿಂತಂತೆ ನನಗೆ ತೋರುತ್ತದೆ.

2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವಿಡಲು ಆದೇಶಿಸಿತು. ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತ ಬಡವನಿಗೆ ಆ ಗೋಡೆಯ ಮೇಲೆ ಮೊದಲು ಕಾಣಬೇಕಾದುದು ಯಾವುದು, ಮಂತ್ರಿಯ ಕಿರೀಟವೋ ಶರಣನ ಕೈಯೋ? ಕಿರೀಟ ಬೇಡವೆಂದೇ ನಾನು ಬಹುಕಾಲ ವಾದಿಸುತ್ತಿದ್ದೆನು. ಈಗ ಆ ಹಟ ಸಡಿಲಿದೆ. ಕಿರೀಟವೇ ಇಲ್ಲದಿದ್ದರೆ, ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ನಡೆದವರು ಏನನ್ನು ಬಿಟ್ಟರೆಂಬುದು ನೋಡುವವರಿಗೆ ಹೇಗೆ ತಿಳಿಯಬೇಕು?

ಆ ಬಾಲಕಿ ಈಗ ಎದುರಾದರೆ ಹೀಗೆ ಹೇಳುವೆನು: ಚಿತ್ರಕಾರನು ಎರಡು ಹೊತ್ತುಗಳನ್ನು ಒಂದೇ ಚೌಕಟ್ಟಿನಲ್ಲಿರಿಸಿದ್ದಾನೆ, ತಾಯಿ. ಕಿರೀಟವು ಬಿಜ್ಜಳನ ಓಲಗದ ಹೊತ್ತಿನದು, ವಿಭೂತಿಯು ಮಹಾಮನೆಯ ಹೊತ್ತಿನದು. ಪೂಜೆಗೆ ಕುಳಿತಾಗ ಕಿರೀಟವು ಪಕ್ಕದ ಮಣೆಯ ಮೇಲಿದ್ದೀತು.