ಮಾರ್ಪಡಿಸಿದ ವೇಗದ ಕಾರು: ಕೊಳ್ಳುವ ಮುನ್ನ ವಿವೇಚನೆ

ದುಡಿಯುವ ಮಗನಿರುವ ಮನೆಯಲ್ಲಿ ಕಾರಿನ ಮಾತು ಬರುವುದು ಸಹಜ. ಆದರೆ ಈಚೆಗೆ ಕೆಲವು ಮನೆಗಳಲ್ಲಿ ಬೇರೊಂದು ಬಗೆಯ ಬೇಡಿಕೆ ಕೇಳಿಬರುತ್ತಿದೆ. ಹಿಂದಿನ ಒಡೆಯನು ಲಕ್ಷಗಟ್ಟಲೆ ವೆಚ್ಚಮಾಡಿ ಎಂಜಿನ್, ಸೈಲೆನ್ಸರ್, ಸ್ಪ್ರಿಂಗು, ಚಕ್ರಗಳನ್ನೆಲ್ಲ ಬದಲಾಯಿಸಿದ ಸ್ಪೋರ್ಟ್ಸ್ ಕಾರೊಂದು ಅಗ್ಗದಲ್ಲಿ ಸಿಗುತ್ತಿದೆ, ಕೊಳ್ಳೋಣವೇ ಎಂದು ಮಗ ಕೇಳುತ್ತಾನೆ. ಬೇಡವೆಂದು ಗದರಿಸುವುದು ಹಿರಿಯರಿಗೆ ಸುಲಭ. ಕಾರಣ ಹೇಳದ ನಿಷೇಧಕ್ಕೆ ಯುವಕರಲ್ಲಿ ಬೆಲೆಯಿರುವುದಿಲ್ಲ. ಆದುದರಿಂದ ತಂದೆಮಕ್ಕಳು ಜೊತೆಗೆ ಕುಳಿತು ವಿಚಾರಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ವೇಗದ ಕಾರಿನ ಆಸೆಯನ್ನು ನಾವು ಹಳಿಯುವುದಿಲ್ಲ. ಒಳ್ಳೆಯ ಯಂತ್ರವನ್ನು ಮೆಚ್ಚುವುದೂ ಒಂದು ರಸಿಕತೆಯೇ. ನಮ್ಮ ದೇಶದಲ್ಲಿ ಇಂಥ ಕಾರುಗಳು ವಿರಳವಾಗಿರುವುದರಿಂದ ಹಳೆಯವುಗಳಿಗೂ ಬೇಡಿಕೆಯುಂಟು. ಸಂಸಾರದ ಕಾರಿನ ಆಕಾರದಲ್ಲಿದ್ದೂ ಸ್ಪೋರ್ಟ್ಸ್ ಕಾರಿನ ವೇಗವುಳ್ಳ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದಕ್ಕೆ ನಿದರ್ಶನ. 2017ರಲ್ಲಿ ಬಂದದ್ದು 230 ಅಶ್ವಶಕ್ತಿಯದು. 2020ರಲ್ಲಿ ಬಂದ 245 ಅಶ್ವಶಕ್ತಿಯ ಮಾದರಿಯಲ್ಲಿ ಭಾರತಕ್ಕೆ ಮೀಸಲಾದವು ಕೇವಲ 200 ಕಾರುಗಳು. ಇಷ್ಟು ಶಕ್ತಿಯೂ ಸಾಲದೆಂದು ಅದನ್ನು ಇನ್ನೂ ಹೆಚ್ಚಿಸುವವರಿದ್ದಾರೆ.

ಇಂಥ ಎಂಜಿನ್ನುಗಳಲ್ಲಿ ಟರ್ಬೊ ಎಂಬ ಸಾಧನವು ಗಾಳಿಯನ್ನು ಒತ್ತಿ ಸಿಲಿಂಡರಿನೊಳಗೆ ತುಂಬುತ್ತದೆ. ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲು ಬಿಡಬೇಕು ಎಂಬುದನ್ನು ಕಾರಿನೊಳಗಿನ ಪುಟ್ಟ ಗಣಕವು ನಿರ್ಧರಿಸುತ್ತದೆ. ಆ ಗಣಕದ ಲೆಕ್ಕವನ್ನು ತಿದ್ದುವುದಕ್ಕೆ ರೀಮ್ಯಾಪ್ ಎಂದು ಹೆಸರು. ಇದರಿಂದ ಶಕ್ತಿ ಹೆಚ್ಚುತ್ತದೆ. ಅದರೊಡನೆ ಒತ್ತಡವೂ ಶಾಖವೂ ಹೆಚ್ಚುತ್ತವೆ. ಅದನ್ನು ತಾಳಬೇಕಾದ ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್, ಬ್ರೇಕುಗಳು ಮೊದಲಿನವೇ ಆಗಿದ್ದರೆ, ಎತ್ತಿನ ಗಾಡಿಯ ಅಚ್ಚಿನ ಮೇಲೆ ಲಾರಿಯ ಹೇರು ಹೇರಿದಂತಾಗುತ್ತದೆ. ಬಲ್ಲವರ ಕೆಲಸವೂ ಅರೆಬಲ್ಲವರ ಕೆಲಸವೂ ಹೊರನೋಟಕ್ಕೆ ಒಂದೇ ತೆರನಾಗಿ ಹೊಳೆಯುತ್ತವೆ. ಇಂಥ ಕಾರನ್ನು ಕೊಳ್ಳುವವನು ಹಿಂದಿನವನ ತೀರ್ಮಾನಗಳನ್ನೂ ಕೊಳ್ಳುತ್ತಾನೆ. ಆ ತೀರ್ಮಾನಗಳಿಗೆ ದಾಖಲೆ ಉಂಟೇ ಎಂಬುದೇ ಮೊದಲ ಪ್ರಶ್ನೆ.

ಎರಡನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಕೂಡದು. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಒದಗಬಹುದು. ಬದಲಾಯಿಸಿದವನು ಯಾರೇ ಆಗಿರಲಿ, ರಸ್ತೆಯಲ್ಲಿ ತಡೆದು ಕೇಳಿದಾಗ ಉತ್ತರ ಹೇಳಬೇಕಾದವನು ಕಾರಿನಲ್ಲಿ ಕುಳಿತವನು.

ಮೂರನೆಯದು ವಿಮೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದೆ ಮರೆಮಾಚಿದ್ದರೆ, ಕಾರು ಜಖಂಗೊಂಡಾಗ ಪರಿಹಾರವನ್ನು ನಿರಾಕರಿಸಲು ಕಂಪನಿಗೆ ಅದೇ ನೆಪ ಸಾಕು. ಆಗ ಸಾಲದ ಕಂತು ಮಾತ್ರ ಮನೆಯಲ್ಲಿ ಉಳಿಯುತ್ತದೆ. ಕಾರು ಕೈಬದಲಾದ 14 ದಿನಗಳೊಳಗೆ ವಿಮೆಯ ಹೆಸರನ್ನು ಬದಲಾಯಿಸಲು ಅರ್ಜಿ ಕೊಡಬೇಕು. 30 ದಿನಗಳೊಳಗೆ ಆರ್‌.ಟಿ.ಓ. ಕಚೇರಿಗೆ ತಿಳಿಸಬೇಕು.

ಇಷ್ಟಾದ ಮೇಲೂ ಮನಸ್ಸು ಹಿಂಜರಿಯದಿದ್ದರೆ ಪರೀಕ್ಷೆಗೆ ತೊಡಗಬೇಕು. ತಾವು ಬರುವ ಮುನ್ನ ಎಂಜಿನ್ನನ್ನು ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿರಿ. ರೋಗಗಳು ತಣ್ಣಗಿರುವ ಎಂಜಿನ್ನಿನಲ್ಲಿ ಬೇಗ ಬಯಲಾಗುತ್ತವೆ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಕುರುಹು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆಯು ರೇಡಿಯೇಟರಿನ ನೀರು ಒಳಗೆ ಸೋರುತ್ತಿರುವುದನ್ನು ಸೂಚಿಸಬಹುದು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿಸಿರಿ. ಅವುಗಳಲ್ಲಿ ಒಂದು ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ ಅಲ್ಲಿಗೇ ಮಾತು ಮುಗಿಸಿರಿ. ಟೈರಿನ ಒಳ ಅಂಚು ಮಾತ್ರ ಸವೆದಿದೆಯೇ, ಎಂಜಿನ್ ಮತ್ತು ಛಾಸಿ ಸಂಖ್ಯೆಗಳು ನೋಂದಣಿ ಪತ್ರಕ್ಕೆ ಹೊಂದುತ್ತವೆಯೇ ಎಂದು ನೋಡಿರಿ. ಇದನ್ನೆಲ್ಲ ಮಾರುವವರು ತೋರಿಸಿದ ಗ್ಯಾರೇಜಿನಲ್ಲಿ ಮಾಡಿಸದೆ, ತಮಗೆ ನಂಬಿಕೆಯುಳ್ಳ ಮೆಕ್ಯಾನಿಕ್‌ನಿಂದಲೇ ಮಾಡಿಸುವುದು ಕ್ಷೇಮ.

ಇನ್ನು ಬೆಲೆಯ ವಿಷಯ. "ಇದಕ್ಕೆ ಆರು ಲಕ್ಷ ಸುರಿದಿದ್ದೇನೆ" ಎಂದು ಮಾರುವವರು ಹೇಳಬಹುದು. ಸುರಿದ ಹಣ ಅವರ ಸಂತೋಷಕ್ಕೆ ಆಯಿತು. ಅದನ್ನು ಕೊಳ್ಳುವವನು ತುಂಬಿಕೊಡಬೇಕಾಗಿಲ್ಲ. ಕಳಚಿಟ್ಟ ಮೂಲ ಬಿಡಿಭಾಗಗಳನ್ನು ಕೇಳಿರಿ. ಅವು ಜೋಪಾನವಾಗಿದ್ದು, ಪ್ರತಿ ಕೆಲಸಕ್ಕೂ ರಶೀದಿಯಿದ್ದು, ಮಾಡಿದ ಗ್ಯಾರೇಜಿನ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳುವವರಾದರೆ ಅವರು ಕಾರನ್ನು ಪ್ರೀತಿಸಿದವರೆಂದು ತಿಳಿಯಬಹುದು. ಆಗ ಮೂಲ ಸ್ಥಿತಿಗೆ ಮರಳಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಲಡ್ಡಿಯಿಲ್ಲ. ರಶೀದಿಯೂ ಇಲ್ಲ, ಮೂಲ ಭಾಗಗಳೂ ಇಲ್ಲವೆಂದರೆ, ಎಷ್ಟೇ ಅಗ್ಗವಾಗಿದ್ದರೂ ಕೈಮುಗಿದು ಹಿಂದಿರುಗುವುದೇ ಲೇಸು. ಅದೇ ಮಾದರಿಯ, ಯಾರೂ ಕೈಯಾಡಿಸದ ಕಾರು ಸ್ವಲ್ಪ ತುಟ್ಟಿಯಾದರೂ ಕೊನೆಗೆ ಅದೇ ಅಗ್ಗವೆಂಬುದು ನಮ್ಮ ಅಭಿಪ್ರಾಯ.

ಮಾರಿದವರು ಹಣ ಎಣಿಸಿಕೊಂಡು ಹೋಗುತ್ತಾರೆ. ರಾತ್ರಿ ಹೊತ್ತು ಮೀರಿದ ಮೇಲೆ ಆ ಕಾರಿನ ಸದ್ದಿಗಾಗಿ ಕಿವಿಗೊಟ್ಟು ಕೂರುವವಳು ತಾಯಿ. ಬ್ರೇಕಿನ ಪರೀಕ್ಷೆಗೆ ಒಂದು ದಿನ ಹೆಚ್ಚು ಹಿಡಿದರೆ ಹಿಡಿಯಲಿ. ಮುಂಗಡ ಹಣವನ್ನು ಅದಾದ ಮೇಲೆಯೇ ಕೊಡಬೇಕೆಂದು ನಮ್ಮ ಯುವಕರಲ್ಲಿ ವಿನಂತಿಸುತ್ತೇವೆ.